ನಿಂಗಾಜಮ್ಮನನ್ನು ಯಾರೂ ಕರೆದಿರಲಿಲ್ಲ

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಸ್ನೇಹಲತಾ ಹೊಗೆಸೊಪ್ಪಿನ ಸಾಲಿನ ನಡುವೆ ಕೂತುಬಿಟ್ಟಳು. ಮೊದಲು ತಲೆ ಹಿಡಿದುಕೊಂಡಳು, ಆಮೇಲೆ ಬದುವಿನ ಕಡೆ ಬಗ್ಗಿ ವಾಂತಿ ಮಾಡಿದಳು. ಬೆಳಗಿನ ಜಾವದಿಂದ ಜಿನುಗುತ್ತಿದ್ದ ಸೋನೆ ಆಗಷ್ಟೇ ನಿಂತಿತ್ತು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಎರಡು ಸಾಲು ಆಚೆ ಸೊಪ್ಪು ಮುರಿಯುತ್ತಿದ್ದ ಅತ್ತೆ ಬೆಟ್ಟಮ್ಮ ಕಂಕುಳಲ್ಲಿದ್ದ ಎಲೆಗಳನ್ನು ಅಲ್ಲೇ ಬಿಸಾಕಿ ಓಡಿ ಬಂದಳು. ಸೊಸೆಯ ಮೈ ತಣ್ಣಗೆ ಬೆವರಿತ್ತು, ತುಟಿ ಬಿಳಿಚಿಕೊಂಡಿತ್ತು, ಕೈ ನಡುಗುತ್ತಿತ್ತು. ಅವಳಿಗೆ ಐದು ತಿಂಗಳು.

“ಬಸುರಿ ವಾಂತಿ ಇರ್ಬೋದೇನೋ,” ಎಂದಳು ಬೆಟ್ಟಮ್ಮ, ತನಗೆ ತಾನೇ ಹೇಳಿಕೊಂಡಂತೆ.

“ಐದ್ ತಿಂಗ್ಳಿಗೆ ಅದೆಲ್ಲಾ ನಿಂತೋಯ್ತದೆ ಕಣಕ್ಕ,” ಎಂದಳು ಪಕ್ಕದ ಸಾಲಿನ ಕೂಲಿ ಹೆಂಗಸು. “ಇದು ಅವಳ್ದೇ ಕೆಲ್ಸ. ಈ ತಿಂಗ್ಳಲ್ಲಿ ಇದು ಮೂರ್ನೇ ಸಲ.”

ಅವಳು ಎಂದರೆ ನಿಂಗಾಜಮ್ಮ. ಊರವರ ಬಾಯಲ್ಲಿ ಸೊಪ್ಪಿನ ನಿಂಗಾಜಿ. ಈ ಊರು ರಾಮನಾಥಪುರದಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಸುತ್ತ ಹೊಗೆಸೊಪ್ಪಿನ ಹೊಲ, ಮನೆಗೊಂದು ಸೊಪ್ಪು ಬೇಯಿಸುವ ಬ್ಯಾರನ್, ಊರಿಗೆಲ್ಲ ಸೇರಿ ಒಂದು ದೆವ್ವ. ಇಪ್ಪತ್ತೇಳು ವರ್ಷದ ಹಿಂದೆ ಇದೇ ಹೊಲದ ಬಾವಿಗೆ ಬಿದ್ದು ಸತ್ತ ಹುಡುಗಿ ಅದು. ಬೆಟ್ಟಮ್ಮನ ಗಂಡ ತಿಮ್ಮಪ್ಪನ ಒಡಹುಟ್ಟಿದ ತಂಗಿ. ಮದುವೆಯಾಗದೆ ಸತ್ತದ್ದರಿಂದ ಹೊಸ ಸೊಸೆಯರನ್ನು ಕಂಡರೆ ಅವಳಿಗೆ ಆಗುವುದಿಲ್ಲವಂತೆ. ಮಳೆಗಾಲದ ಬೆಳಗಿನಲ್ಲಿ ಬಂದು ಹಿಡಿಯುತ್ತಾಳಂತೆ. ಹಿಡಿದರೆ ತಲೆಸುತ್ತು, ವಾಂತಿ, ನಡುಕ, ಮಲಗಿದರೆ ಕೆಟ್ಟ ಕನಸು. ಗಂಡಸರ ತಂಟೆಗೆ ಮಾತ್ರ ಬರುವುದಿಲ್ಲವಂತೆ.

ಇಷ್ಟೊಂದು ಅಂತೆಗಳಿಗೆ ಮದ್ದನ್ನೂ ಊರು ಹುಡುಕಿಕೊಂಡಿತ್ತು. ಹೊಲಕ್ಕೆ ಇಳಿದ ಹೆಂಗಸು ಮೊದಲು ಮುರಿದ ಎಲೆಯನ್ನು ಸೀರೆಯೊಳಗೆ, ಸೊಂಟದ ಬರಿಮೈಗೆ ತಾಗುವಂತೆ ಸಿಕ್ಕಿಸಿಕೊಳ್ಳಬೇಕು. ಅದು ನಿಂಗಾಜಿಯ ಪಾಲು. ಸಂಜೆಯವರೆಗೆ ತೆಗೆಯುವ ಹಾಗಿಲ್ಲ. ಅಷ್ಟಾದ ಮೇಲೂ ಅವಳು ಹಿಡಿದಳೋ, ಗಾಳಿ ಬಿಡಿಸುವ ಚಿಕ್ಕಯ್ಯ ಬಂದು ನೋಡುವವರೆಗೆ ಮೈ ತೊಳೆಯುವ ಹಾಗಿಲ್ಲ. ಸ್ನೇಹಲತಾ ಹೊಳೆನರಸೀಪುರದ ಕಡೆಯ ಹಳೇಕೋಟೆಯವಳು. ತೆಂಗು, ಭತ್ತ ಕಂಡವಳೇ ಹೊರತು ಹೊಗೆಸೊಪ್ಪು ಮುಟ್ಟಿದ್ದು ಮದುವೆಯಾದ ಮೇಲೆಯೇ. ಅತ್ತೆ ಹೇಳಿದ್ದಕ್ಕೆಲ್ಲ ಹೂಂ ಎಂದು ಎಲೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಸೊಸೆಯನ್ನು ಮನೆಗೆ ತಂದು ಜಗುಲಿಯ ಮೇಲೆ ಮಲಗಿಸಿದಾಗ ತಿಮ್ಮಪ್ಪ ಬೀಡಿ ಹಚ್ಚಿಕೊಂಡು ಅತ್ತಿಂದಿತ್ತ ಓಡಾಡಿದ. ಮಗ ದೇವರಾಜ್ ಹೆಂಡತಿಯ ತಲೆಯ ಹತ್ತಿರ ಕೂತು ಬೀಸಣಿಗೆ ಬೀಸಿದ.

“ಶುಕ್ರವಾರಕ್ಕೆ ಚಿಕ್ಕಯ್ಯಂಗೆ ಯೋಳ್ಬುಟ್ಟಿವ್ನಿ,” ಎಂದ ತಿಮ್ಮಪ್ಪ. “ಮೂರ್ ದಿನ ಬರೀ ಬೇವಿನ್ ನೀರು. ಕ್ವಾಣೆ ಬಾಗ್ಲಾಕಿ ಒಣಮೆಣಸಿನಕಾಯಿ ಹೊಗೆ ಕೊಡ್ತಾನೆ. ಬಿಟ್ಟೋಯ್ತಾಳೆ.”

“ಹೊಟ್ಟೇಲಿ ಕೂಸದೆ ಕಣಪ್ಪ,” ಎಂದ ದೇವರಾಜ್.

“ಅದಕ್ಕೇ ಬೇಗ ಬಿಡಿಸ್ಬೇಕು ಅಂತಿರೋದು. ಕೂಸ್ಗೇನಾರ ಆದ್ರೆ?”

ಬೆಟ್ಟಮ್ಮನಿಗೆ ಎರಡು ಕಡೆಯಿಂದಲೂ ಭಯ. ನಿಂಗಾಜಿ ಹಿಡಿದದ್ದು ನಿಜವಾದರೆ ಕೂಸಿಗೆ ಏನಾಗುವುದೋ. ಮೂರು ದಿನ ಉಪವಾಸ ಕೆಡವಿ ಖಾರದ ಹೊಗೆ ಕೊಟ್ಟರೆ ಕೂಸಿಗೆ ಏನಾಗುವುದೋ. ಒಳಗೆ ಹೋದಳು, ಹೊರಗೆ ಬಂದಳು, ಎಮ್ಮೆಗೆ ಹುಲ್ಲು ಹಾಕಲು ಹೋಗಿ ಹಾಕದೆ ವಾಪಸ್ಸು ಬಂದಳು. ಭಾನುವಾರದಿಂದ ಅವಳ ಕಾಲು ನಿಂತ ಕಡೆ ನಿಂತಿರಲಿಲ್ಲ.

ಭಾನುವಾರ ಆ ವಿಡಿಯೊ ನೋಡಿದ್ದಳು. ಹಾಸನದ ಕೀರ್ತಿರಾಜ್ ಎಂಬ ಹುಡುಗ ಎರಡು ತಿಂಗಳ ಹಿಂದೆ ಕ್ಯಾಮೆರಾ ಹಿಡಿದು ಬಂದು ಊರೆಲ್ಲ ಸುತ್ತಿದ್ದ. ತಿಮ್ಮಪ್ಪನೇ ಅವನಿಗೆ ಬಾವಿ ತೋರಿಸಿ ಕಾಫಿ ಕೊಡಿಸಿದ್ದ. ಈಗ ಅದು ಫೋನಿನಲ್ಲಿ ಬಂದಿತ್ತು. ಮೇಲೆ ಕೆಂಪಕ್ಷರದಲ್ಲಿ ‘ನೈಜ ಘಟನೆ’ ಎಂದಿತ್ತು. ಆ ನೈಜ ಘಟನೆಯಲ್ಲಿ ನಿಂಗಾಜಮ್ಮನಿಗೆ ಒಬ್ಬ ಗಂಡ ಇದ್ದ, ಒಬ್ಬಳು ಅತ್ತೆ ಇದ್ದಳು, ಅತ್ತೆಯೇ ಬಾವಿಗೆ ನೂಕಿದ್ದಳು, ಅಂದಿನಿಂದ ಹನ್ನೆರಡು ಬಸುರಿಯರು ಸತ್ತಿದ್ದರು. ಗಂಡನೇ ಇಲ್ಲದ ಹುಡುಗಿಗೆ ಅತ್ತೆ ಎಲ್ಲಿಂದ ಬಂದಳೋ ಕೀರ್ತಿರಾಜನಿಗೇ ಗೊತ್ತು. ಊರಿನಲ್ಲಿ ಒಬ್ಬ ಬಸುರಿಯೂ ಸತ್ತಿರಲಿಲ್ಲ. ಆದರೂ ಮೂರು ಲಕ್ಷ ಜನ ನೋಡಿದ್ದರು. ನೋಡಿದವರಲ್ಲಿ ಹಳೇಕೋಟೆಯ ಬೀಗರೂ ಇದ್ದರು. ಶುಕ್ರವಾರ ಬರುತ್ತೇವೆ, ಗಾಳಿ ಬಿಡದಿದ್ದರೆ ಮಗಳನ್ನು ಕರೆದುಕೊಂಡು ಹೋಗುತ್ತೇವೆ, ಮತ್ತೆ ಆ ಊರಿಗೆ ಕಳಿಸುವುದಿಲ್ಲ ಎಂದು ಫೋನು ಮಾಡಿ ಹೇಳಿದ್ದರು.

ವಿಡಿಯೊದಲ್ಲಿ ಸುಳ್ಳೇ ತುಂಬಿತ್ತು ನಿಜ. ಆದರೆ ಬೆಟ್ಟಮ್ಮ ಹೆದರಿದ್ದು ಆ ಸುಳ್ಳುಗಳಿಗಲ್ಲ. ನಡುವೆ ಒಂದು ಕಡೆ ಕೀರ್ತಿರಾಜ್ ದನಿ ಇಳಿಸಿ, “ಯಾರೋ ಕರೆದಂಗಾಯ್ತು ಅಂತ ಎದ್ದು ಹೋದ್ಲಂತೆ,” ಎಂದಿದ್ದ. ಆ ಒಂದು ಮಾತು ಮಾತ್ರ ಅವನ ಸೃಷ್ಟಿಯಾಗಿರಲಿಲ್ಲ. ಅದು ಎಲ್ಲಿಂದ ಬಂತೆಂದು ಈ ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

ಹನ್ನೊಂದು ಗಂಟೆಗೆ ಆಶಾ ಕಾರ್ಯಕರ್ತೆ ಪ್ರತಿಭಾ ಬಂದಳು. ತಾಯಿ ಕಾರ್ಡು ತುಂಬಿಸಲು ಬಂದವಳು ಜಗುಲಿಯ ಮೇಲೆ ಮಲಗಿದ್ದ ಸ್ನೇಹಲತಾಳನ್ನು ಕಂಡು ಚೀಲ ಕೆಳಗಿಟ್ಟಳು. ಹಣೆ ಮುಟ್ಟಿದಳು, ನಾಡಿ ನೋಡಿದಳು, ರಕ್ತಸ್ರಾವ ಆಗಿದೆಯಾ, ಹೊಟ್ಟೆ ಹಿಂಡಿ ನೋಯುತ್ತಾ ಎಂದು ಮೆಲ್ಲಗೆ ಕೇಳಿದಳು. ಇಲ್ಲ ಎಂದಳು ಸ್ನೇಹಲತಾ. ಪ್ರತಿಭಾ ಅವಳ ಅಂಗೈ ಬಿಡಿಸಿ ನೋಡಿದಳು. ಸೊಪ್ಪಿನ ಅಂಟು ಕಪ್ಪಗೆ ಹತ್ತಿತ್ತು. ಸೀರೆ ಇನ್ನೂ ಒದ್ದೆಯಾಗಿತ್ತು.

“ಬೆಟ್ಟಕ್ಕ, ಇವಳ ಮೈ ಯಾಕೆ ತೊಳ್ಸಿಲ್ಲ?”

“ತೊಳೀಬಾರ್ದು ಕಣವ್ವ. ಅವಳು ಹಿಡ್ಕಂಡವ್ಳೆ.”

“ಯಾರು?”

“ನಿಂಗ್ ಗೊತ್ತಿಲ್ವಾ? ನಿಮ್ ತರಬೇತೀಲಿ ನಿಂಗಾಜಿ ವಿಚಾರ ಯೋಳ್ಕೊಡ್ನಿಲ್ವಾ?”

ಪ್ರತಿಭಾ ನಕ್ಕಳು. “ಹೆಸರು ಹೇಳಲಿಲ್ಲ ಅಕ್ಕ. ಆದ್ರೆ ಅವಳು ಮಾಡೋ ಕೆಲಸ ಎಲ್ಲಾ ಹೇಳಿದ್ರು. ತಲೆಸುತ್ತು, ವಾಂತಿ, ಬಾಯಲ್ಲಿ ನೀರು, ನಡುಕ, ಸುಸ್ತು. ಹಸಿ ಹೊಗೆಸೊಪ್ಪು ಮುಟ್ಟೋರಿಗೆ ಬರೋ ಕಾಯಿಲೆ ಅದು.”

“ಮುಟ್ಟಿದ್ರೆ ಬರೋ ಅಂಗಿದ್ರೆ ನಂಗೆ ದಿನಾ ಬರ್ಬೇಕಾಗಿತ್ತಲ್ಲ.”

“ನೀವು ಎಲೆಅಡಿಕೆ ಜೊತೆ ಏನ್ ಹಾಕೋತೀರ?”

ಬೆಟ್ಟಮ್ಮ ಬಾಯಲ್ಲಿದ್ದ ತಾಂಬೂಲವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ಳಿದಳು. ಉತ್ತರ ಬಾಯಲ್ಲೇ ಇತ್ತು.

“ಹೊಗೆಸೊಪ್ಪಲ್ಲಿ ನಿಕೋಟಿನ್ ಅನ್ನೋ ವಿಷ ಇರುತ್ತೆ ಅಕ್ಕ. ಸೇದೋರು ಹೊಗೇಲಿ ತಗೋತಾರೆ, ಅಗಿಯೋರು ಬಾಯಲ್ಲಿ. ಮಳೇಲೋ ಇಬ್ಬನೀಲೋ ಎಲೆ ನೆಂದಿದ್ರೆ ಅದು ಆ ನೀರಲ್ಲಿ ಕರಗಿ ಚರ್ಮದಿಂದಲೇ ಒಳಕ್ಕೆ ಹೋಗುತ್ತೆ. ಒದ್ದೆ ಸೀರೆ ಮೈಗೆ ಅಂಟಿದ್ದಷ್ಟು ಹೊತ್ತೂ ಹೋಗ್ತಾನೇ ಇರುತ್ತೆ. ನಿಮ್ಮ ಮೈ ಅದಕ್ಕೆ ಒಗ್ಗಿದೆ. ಅದೇನೂ ಒಳ್ಳೇ ಸುದ್ದಿ ಅಲ್ಲ, ಬಾಯಿಗೆ ಬೇರೆ ಕಾಯಿಲೆ ತರುತ್ತೆ. ಆದ್ರೆ ಹೊಸಬರಿಗೆ ಒಗ್ಗಿರಲ್ಲ. ಹೊಸ ಸೊಸೇರನ್ನೇ ಹಿಡೀತಾಳೆ ಅಂತೀರಲ್ಲ, ಅದಕ್ಕೇ.”

“ನಂಗೇನೂ ಆಗ್ನಿಲ್ಲ ಅಂತ ಅವಳ್ಗೆ ಆಗ್ಬಾರ್ದು ಅಂತೇನಿಲ್ಲ,” ಎಂದು ದೇವರಾಜ್ ಮೆಲ್ಲಗೆ ಹೇಳಿದ. ಅವನೂ ಬೀಡಿ ಸೇದುವವನೇ.

ಪ್ರತಿಭಾ ಸ್ನೇಹಲತಾಳ ಸೀರೆಯ ನೆರಿಗೆ ಸಡಿಲಿಸಲು ಹೋದಾಗ ಸೊಂಟದ ಎಲೆ ಕೈಗೆ ಸಿಕ್ಕಿತು. ಬೆಳಿಗ್ಗೆ ಆರಕ್ಕೆ ಬೆಟ್ಟಮ್ಮನೇ ತನ್ನ ಕೈಯಾರೆ ಸಿಕ್ಕಿಸಿದ್ದ ಎಲೆ. ನೀರು, ಬೆವರು ಕುಡಿದು ಮೆತ್ತಗಾಗಿತ್ತು. ಎಳೆದು ತೆಗೆದಾಗ ಅದರಡಿಯ ಚರ್ಮ ಕೆಂಪಗಿತ್ತು.

“ಇದೇನಕ್ಕ?”

“ಅವಳ ಪಾಲು,” ಎಂದಳು ಬೆಟ್ಟಮ್ಮ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

“ಐದು ಗಂಟೆ ಹೊತ್ತು ಬರಿಮೈಗೆ ವಿಷ ಕಟ್ಟಿದ್ದೀರಿ. ಬಸುರಿಗೆ.”

ಆ ಹುಡುಗಿ ಗದರಿಸಲಿಲ್ಲ. ಗದರಿಸಿದ್ದರೆ ಬೆಟ್ಟಮ್ಮನಿಗೆ ತಿರುಗಿ ಬೀಳಲು ಅನುಕೂಲವಾಗುತ್ತಿತ್ತು. ಸುಮ್ಮನೆ ಹೇಳಿ ಎಲೆಯನ್ನು ಕಸದ ಬುಟ್ಟಿಗೆ ಹಾಕಿದಳು. ಬೆಟ್ಟಮ್ಮ ಆ ಕೆಂಪು ಗುರುತನ್ನು ನೋಡಿದಳು, ಬೇರೆ ಕಡೆ ನೋಡಿದಳು, ಮತ್ತೆ ನೋಡಿದಳು.

“ಒಂದ್ ಕೇಳ್ತೀನಿ, ನೆನಪು ಮಾಡ್ಕೊಂಡು ಹೇಳಿ. ಒಣ ಬಿಸಿಲಿರೋ ದಿನ, ಮಧ್ಯಾಹ್ನದ ಮೇಲೆ, ನಿಂಗಾಜಮ್ಮ ಯಾರನ್ನಾದ್ರೂ ಹಿಡಿದಿದ್ದಾಳಾ?”

ಬೆಟ್ಟಮ್ಮ ನೆನೆಸಿಕೊಂಡಳು. ಮೂರು ಸಲವೂ ಎಲೆ ಒದ್ದೆಯಿತ್ತು. ಹೋದ ಶನಿವಾರ ಚೆನ್ನಾಗಿ ಬಿಸಿಲು ಬಿದ್ದ ಮೇಲೆ ಹೊಲಕ್ಕೆ ಇಳಿದಿದ್ದರು. ಅಂದು ಸ್ನೇಹಲತಾ ಸಂಜೆಯವರೆಗೆ ಹಾಡು ಗುನುಗಿಕೊಂಡು ಸೊಪ್ಪು ಮುರಿದಿದ್ದಳು, ಬಂದು ಎರಡು ಮುದ್ದೆ ಉಂಡಿದ್ದಳು. ದೆವ್ವಕ್ಕೆ ಬಿಸಿಲಾಗದು ಎಂದು ಹೇಳಬಹುದಿತ್ತು. ಅದನ್ನು ಬಿಟ್ಟು ಬೇರೆಯದನ್ನೇ ಕೇಳಿದಳು.

“ಚಿಕ್ಕಯ್ಯ ಬಂದ್ ಮಾಡಿದ್ಮೇಲೆ ಎಲ್ಲಾರ್ಗೂ ವಾಸಿ ಆಗದಲ್ಲ, ಅದ್ಯಾಕೆ?”

“ಒಂದೆರಡು ದಿನಕ್ಕೆ ತಾನಾಗೇ ಇಳಿಯೋ ಕಾಯಿಲೆ ಅಕ್ಕ ಇದು. ಅವರು ಬಂದ್ರೂ ಇಳಿಯುತ್ತೆ, ಬರದಿದ್ರೂ ಇಳಿಯುತ್ತೆ. ಆದ್ರೆ ಬಸುರೀನ ಮೂರು ದಿನ ಉಪವಾಸ ಕೆಡವಿ ಖಾರದ ಹೊಗೆ ಹಾಕಿದ್ರೆ ಆಗೋ ಅನಾಹುತ ಮಾತ್ರ ತಾನಾಗೇ ಇಳಿಯಲ್ಲ. ಈಗ ಸೋಪು ಹಚ್ಚಿ ಸ್ನಾನ ಮಾಡ್ಸಿ, ಬೇರೆ ಬಟ್ಟೆ ಉಡ್ಸಿ. ನೀರು, ಗಂಜಿ ಕೊಡಿ. ಇವತ್ತೇ ಅರಕಲಗೂಡಿನ ಆಸ್ಪತ್ರೆಗೆ ಹೋಗೋಣ. ವಾಂತಿ ಇದ್ರಿಂದಲೇ ಅಂತ ನಾನು ಎಷ್ಟು ಹೇಳಿದ್ರೂ, ಬಸುರೀನ ಡಾಕ್ಟ್ರೇ ನೋಡ್ಬೇಕು.”

ಅಷ್ಟು ಹೊತ್ತಿಗೆ ಹಿತ್ತಲಿನಿಂದ ತಿಮ್ಮಪ್ಪ ಬಂದ. ಮಾತು ಅವನ ಕಿವಿಗೆ ಬಿದ್ದಿತ್ತು.

“ಎಲ್ಲಾ ಸರಿ ಕಣವ್ವ. ಸೊಪ್ಪಿನ್ ವಿಷ, ಎಲೆ ಮೇಲಿನ್ ನೀರು, ಒಪ್ಕೋತೀನಿ ಅಂತ್ಲೇ ಇಟ್ಕೊ. ಅಂಗಾದ್ರೆ ನನ್ ತಂಗೀನ ಕರ್ದೋರ್ಯಾರು? ಚೆನ್ನಾಗಿದ್ದ ಹುಡ್ಗಿ. ಯಾರೋ ಕರ್ದಂಗಾಯ್ತು ಅಂತ ಎದ್ದೋಗಿ ಬಾವಿಗ್ ಬಿದ್ಲು. ನಾನ್ ಕತೆ ಯೋಳ್ತಿಲ್ಲ. ಇವಳೇ ಪಕ್ದಲ್ಲಿದ್ಲು, ಕೇಳು.”

ಪ್ರತಿಭಾ ಬೆಟ್ಟಮ್ಮನ ಮುಖ ನೋಡಿದಳು. “ಅಕ್ಕ, ಅವತ್ತು ಬೆಳಿಗ್ಗೆ ನಿಂಗಾಜಮ್ಮ ಏನು ಕೆಲಸ ಮಾಡ್ತಿದ್ರು?”

“ಎಮ್ಮೆ ಅರಚ್ತಾ ಅದೆ,” ಎಂದು ಬೆಟ್ಟಮ್ಮ ಎದ್ದು ಹೋದಳು. ಎಮ್ಮೆ ಮೆಲುಕು ಹಾಕುತ್ತಾ ತೆಪ್ಪಗೆ ಮಲಗಿತ್ತು.

ತಿಮ್ಮಪ್ಪ ಆಸ್ಪತ್ರೆಗೆ ಒಪ್ಪಲಿಲ್ಲ. ಪ್ರತಿಭಾ ಗಂಡನಾದ ದೇವರಾಜನನ್ನೂ ಕೇಳಿದಳು. ಅವನು ಅಪ್ಪನ ಮುಖ ನೋಡಿದ. ರಕ್ತ ಕಂಡರೆ, ಹೊಟ್ಟೆ ನೋವು ಬಂದರೆ ಕೂಡಲೇ ಆಂಬುಲೆನ್ಸ್ ಕರೆಸಿ ಎಂದು ತನ್ನ ನಂಬರನ್ನೂ ಕೊಟ್ಟು, ನಾಳೆ ಮತ್ತೆ ಬರುತ್ತೇನೆಂದು ಹೋದಳು.

ಅವಳು ಹೋದ ಮೇಲೆ ಬೆಟ್ಟಮ್ಮ ಒಂದು ಕಳ್ಳಕೆಲಸ ಮಾಡಿದಳು. ತಿಮ್ಮಪ್ಪ ಬ್ಯಾರನ್ನಿನ ಕಡೆ ಹೋದದ್ದೇ ತಡ, ಹಂಡೆಯಿಂದ ಬಿಸಿನೀರು ತೋಡಿ ಸೊಸೆಯನ್ನು ಬಚ್ಚಲಿಗೆ ಕೂರಿಸಿ ಕತ್ತಿನಿಂದ ಕಾಲಿನವರೆಗೆ ಸೋಪು ಹಚ್ಚಿ ತಿಕ್ಕಿದಳು. ಅಂಗೈಯ ಅಂಟು ಬಿಡಲು ಮೂರು ಸಲ ತಿಕ್ಕಬೇಕಾಯಿತು. ಬಚ್ಚಲಿನಲ್ಲಿ ಹರಿದ ನೀರು ಕಂದು ಬಣ್ಣಕ್ಕಿತ್ತು.

“ಅತ್ತೆ, ಮಾವ ಬಯ್ಯಲ್ವಾ?” ಎಂದು ಕೇಳಿದಳು ಸ್ನೇಹಲತಾ.

“ಬಯ್ಲಿ ಬುಡು ಮಗ. ನೀನ್ ಕಣ್ ಮುಚ್ಚು, ಸೋಪ್ ಓಯ್ತದೆ.”

ಬುಧವಾರ ಬೆಳಿಗ್ಗೆ ಸ್ನೇಹಲತಾ ಎದ್ದು ಕೂತಳು. ಗಂಜಿ ಕುಡಿದಳು. ಮಧ್ಯಾಹ್ನ ಉಪ್ಪಿನಕಾಯಿ ಕೇಳಿದಳು. ಬೆಟ್ಟಮ್ಮನಿಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಅವಳ ಸಂಕಟ ಎರಡರಷ್ಟಾಯಿತು. ಇದು ಸೊಪ್ಪಿನ ವಿಷವೇ ಆದರೆ, ನಿಂಗಾಜಿಗೂ ಅಂದು ಇದೇ ಆಗಿತ್ತು. ಹಾಗಾದರೆ ಅಂದು ನಡೆದದ್ದಕ್ಕೆ ಬೇರೆ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ದೆವ್ವ ಇದ್ದಷ್ಟು ಕಾಲ ಅವಳಿಗೊಂದು ಮರೆಯಿತ್ತು. ಈಗ ಆ ಮರೆ ಹೋಗುತ್ತಿತ್ತು.

“ನೋಡಿ, ಎದ್ ಕುಂತವ್ಳೆ. ಚಿಕ್ಕಯ್ಯ ಬ್ಯಾಡ ಅನ್ನಿ,” ಎಂದು ಗಂಡನಿಗೆ ಹೇಳಿದಳು.

“ಬಿಟ್ಟಂಗೆ ಮಾಡ್ತಾಳೆ ಕಣ. ಓದ್ಸಲಾನೂ ಅಂಗೇ ಆಯ್ತಲ್ಲ. ನನ್ ತಂಗಿ ಬುದ್ಧಿ ನಂಗೊತ್ತು, ಹಟಮಾರಿ.” ತಿಮ್ಮಪ್ಪನ ಕಣ್ಣು ತುಂಬಿತು. “ನಂಗೂ ಅವಳ್ನ ಓಡಿಸ್ಬೇಕು ಅಂತ ಆಸೆನಾ? ಕೈಯಾರೆ ಎತ್ತಿ ಆಡ್ಸಿದ್ ಕೂಸು. ಆದ್ರೆ ಮನೆ ಬೆಳೀಬೇಕಲ್ಲ.”

ಅಂದು ಮಧ್ಯಾಹ್ನ ಬೆಟ್ಟಮ್ಮ ಮೂರು ಸಲ ಹೊಲಕ್ಕೆ ಹೋಗಿ ಬಂದಳು. ಲಂಟಾನ ಪೊದೆ ಮುಚ್ಚಿಕೊಂಡ ಆ ಹಾಳು ಬಾವಿಯ ಹತ್ತಿರ ನಿಲ್ಲುವುದು, ಹೆದರಿ ತಿರುಗುವುದು. ಸಂಜೆ ಬಂದ ಪ್ರತಿಭಾಳ ಹತ್ತಿರ, “ಹೇಳೋ ಹೊತ್ತಿಗೆ ಹೇಳ್ದಿದ್ರೆ ಏನಾಯ್ತದೆ?” ಎಂದು ಕೇಳಿದಳು. ಏನು ಹೇಳದಿದ್ದರೆ ಎಂದು ಪ್ರತಿಭಾ ಕೇಳಲಿಲ್ಲ. “ಇನ್ನೊಬ್ಬರು ಕಷ್ಟ ಪಡ್ತಾರೆ ಅಕ್ಕ,” ಎಂದಷ್ಟೇ ಅಂದಳು.

ಗುರುವಾರ ಹತ್ತು ಗಂಟೆಗೆ ತಿಮ್ಮಪ್ಪ ಬ್ಯಾರನ್ನಿನ ಮುಂದೆ ಸೌದೆ ಸೀಳುತ್ತಿದ್ದ. ಬೆಟ್ಟಮ್ಮ ನೀರಿನ ಚೊಂಬು ತಂದು ಕೊಟ್ಟಳು. ಅವನು ಕುಡಿದು ಚೊಂಬು ವಾಪಸ್ಸು ಕೊಟ್ಟರೂ ಅವಳು ಹೋಗಲಿಲ್ಲ.

“ಏನು?”

“ನಿಂಗಾಜೀನ ಯಾರೂ ಕರೀನಿಲ್ಲ ಕಣ್ರೀ.”

ತಿಮ್ಮಪ್ಪ ಕೊಡಲಿಯನ್ನು ಸೌದೆಯ ಮೇಲೆ ಊರಿ ನಿಂತ.

ಬೆಟ್ಟಮ್ಮ ನೆಲ ನೋಡಿಕೊಂಡು ಹೇಳಿದಳು. ಅಂದು ಇಡೀ ಬೆಳಿಗ್ಗೆ ಸೋನೆ. ಬ್ಯಾರನ್ ಅರ್ಧ ತುಂಬಿತ್ತು, ಇನ್ನರ್ಧಕ್ಕೆ ಸೊಪ್ಪು ಬೇಕು, ಸಂಜೆಯೊಳಗೆ ಬೆಂಕಿ ಹಾಕಲೇಬೇಕೆಂದು ಮಾವ ಹೇಳಿ ಹೋಗಿದ್ದರು. ಹೊಲದಲ್ಲಿ ಇದ್ದದ್ದು ಅತ್ತಿಗೆ ನಾದಿನಿ ಇಬ್ಬರೇ. ಹತ್ತೊಂಬತ್ತರ ನಿಂಗಾಜಿಗೆ ಅದು ಸೊಪ್ಪು ಮುರಿಯುವ ಮೊದಲ ವರ್ಷ.

“ಎರಡ್ಸಲ ವಾಂತಿ ಮಾಡ್ಕಂಡ್ಲು. ಅತ್ಗೆ, ತಲೆ ಸುತ್ತದೆ, ಮನೆಗೋಯ್ತೀನಿ ಅಂದ್ಲು. ನಾನು, ಇನ್ನೆರಡ್ ಸಾಲವೆ, ಮುಗ್ಸಿ ಓಗು ಅಂದೆ. ನಂಗ್ ಮಾವನ್ ಭಯ. ದೇವರಾಜ ಮನೇಲಿ ಹಾಲ್ಗೆ ಅಳ್ತಾ ಇರ್ತಾನೆ, ಬೇಗ ಮುಗೀಲಿ ಅಂತ. ಒಂದ್ ಸಾಲು ಮುಗ್ಸುದ್ಲು. ಆಮೇಲೆ ಬಾಯಿ ತೊಳ್ಕೊಂಡು ಬತ್ತೀನಿ ಅಂತ ಬಾವಿ ತಾವ್ಕೆ ಹೋದ್ಲು. ತೂರಾಡ್ತಾ ಹೋದ್ಲು. ನಾನ್ ನೋಡ್ತಾನೇ ಇದ್ದೆ. ಎದ್ದೋಗಿ ಕೈ ಹಿಡ್ಕೊಳ್ನಿಲ್ಲ.”

ಮಾವ ಬಾವಿಕಟ್ಟೆಯ ಮೇಲೆ ಕುಸಿದು ಕೂತು ಹೆಂಗಾಯ್ತವ್ವ ಎಂದು ಕೇಳಿದಾಗ, ಇಪ್ಪತ್ತೆರಡರ ಬೆಟ್ಟಮ್ಮನಿಗೆ ನಿಜ ಹೇಳುವ ಧೈರ್ಯ ಬಂದಿರಲಿಲ್ಲ. ಯಾರೋ ಕರೆದಂಗಾಯ್ತು ಅಂದ್ಲು ಮಾವ, ಎದ್ದು ಹೋದ್ಲು, ಎಂದುಬಿಟ್ಟಿದ್ದಳು. ಒಂದೇ ಮಾತು. ಅದನ್ನು ಊರು ಬೆಳೆಸಿತು, ಚಿಕ್ಕಯ್ಯನ ಅಪ್ಪ ಅದಕ್ಕೊಂದು ಎಲೆಯ ಶಾಸ್ತ್ರ ಕಟ್ಟಿದ, ಈಗ ಹಾಸನದ ಹುಡುಗ ಗಂಡನನ್ನೂ ಅತ್ತೆಯನ್ನೂ ಸೇರಿಸಿ ಮೂರು ಲಕ್ಷ ಜನಕ್ಕೆ ಹಂಚಿದ.

ತಿಮ್ಮಪ್ಪ ಸೀಳಿದ ಸೌದೆಯ ಮೇಲೆ ಕೂತ.

“ಮನೆಗೋಯ್ತೀನಿ ಅಂದಿದ್ಲಾ?”

“ಅಂದಿದ್ಲು.”

“ಎರಡ್ಸಲ ವಾಂತಿ ಆಗಿತ್ತಾ?”

“ಹೂಂ.”

“ಇಪ್ಪತ್ತೇಳೊರ್ಷ ಅವಳ್ನ ದೆವ್ವ ಅಂದ್ನಲ್ಲೇ ನಾನು. ಒಡಹುಟ್ಟಿದೋಳ್ನ. ಊರ್ನೋರ್ ಜೊತೆ ಸೇರ್ಕೊಂಡು.”

ಕೊಡಲಿಯನ್ನು ಅಲ್ಲೇ ಬಿಟ್ಟು ಟವೆಲ್ಲು ಹೆಗಲಿಗೆ ಹಾಕಿಕೊಂಡು ಅವನು ಊರ ಕಡೆ ನಡೆದ. ಬೆಟ್ಟಮ್ಮ ಸೌದೆಯ ಪಕ್ಕ ಕೂತು ಅತ್ತಳು. ಭಯದಿಂದ ಎಷ್ಟೋ ಸಲ ಅತ್ತಿದ್ದವಳು ನಿಂಗಾಜಿಗಾಗಿ ಅತ್ತದ್ದು ಅದೇ ಮೊದಲು.

ಮಧ್ಯಾಹ್ನ ಎರಡಕ್ಕೆ ಬಂದ ತಿಮ್ಮಪ್ಪ ಹೆಂಡತಿಯ ಮುಖ ನೋಡದೆ ಮಗನಿಗೆ ಹೇಳಿದ: “ಚಿಕ್ಕಯ್ಯಂಗೆ ಬರ್ಬ್ಯಾಡ ಅಂತ ಯೋಳ್ ಬಂದಿವ್ನಿ. ಬೆಳಿಗ್ಗೆ ಆಟೋಗೆ ಯೋಳು. ಹಳೇಕೋಟೆ ಬೀಗರ್ಗೂ ಆಸ್ಪತ್ರೆಗೇ ಬನ್ನಿ ಅನ್ನು.”

ಶುಕ್ರವಾರ ಅರಕಲಗೂಡಿನ ಆಸ್ಪತ್ರೆಯಲ್ಲಿ ವೈದ್ಯೆ ಪರೀಕ್ಷೆ ಮಾಡಿ, ಪುಟ್ಟ ಯಂತ್ರವನ್ನು ಸ್ನೇಹಲತಾಳ ಹೊಟ್ಟೆಯ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ದನಿ ಹೆಚ್ಚಿಸಿದರು. ಕೂಸಿನ ಎದೆಬಡಿತ ದಡದಡ ಕೇಳಿಸಿತು. ಬೀಗಿತ್ತಿ ಮುಖ ಮುಚ್ಚಿಕೊಂಡು ಅತ್ತಳು. ವೈದ್ಯೆ ಹೇಳಿದ್ದು ಪ್ರತಿಭಾ ಹೇಳಿದ್ದನ್ನೇ. ಹೆರಿಗೆಯಾಗಿ ಕೂಸು ಹಾಲು ಬಿಡುವವರೆಗೆ ಇವಳು ಹಸಿ ಸೊಪ್ಪು ಮುಟ್ಟಬಾರದು, ಬೇಯಿಸಲು ಎಲೆಗಳನ್ನು ಕಡ್ಡಿಗೆ ಕಟ್ಟುವುದೂ ಬೇಡ ಎಂದೂ ಸೇರಿಸಿದರು.

“ನಿಂಗಾಜಿ ಅದ್ರಿಂದ್ಲೇ ಸತ್ಲಾ?” ಎಂದು ಬೆಟ್ಟಮ್ಮ ಹೊರಗೆ ಬೆಂಚಿನ ಮೇಲೆ ಪ್ರತಿಭಾಳನ್ನು ಕೇಳಿದಳು.

“ಇಷ್ಟು ವರ್ಷದ ಮೇಲೆ ಅದನ್ನ ಯಾರು ಹೇಳಕ್ಕಾಗುತ್ತೆ ಅಕ್ಕ. ತಲೆ ಸುತ್ತಿ ಬಿದ್ದಿರಬಹುದು, ಕಾಲು ಜಾರಿರಬಹುದು. ಹುಷಾರಿಲ್ಲದ ಹುಡುಗಿ ಒಬ್ಬಳೇ ಬಾವಿ ಹತ್ರ ಹೋದ್ಲು. ಗೊತ್ತಿರೋ ನಿಜ ಅಷ್ಟೇ.”

ಮುಂದಿನ ವಾರ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಬೆಟ್ಟಮ್ಮ ಆ ನಿಜವನ್ನು ಎಲ್ಲರ ಮುಂದೆ ಹೇಳಿದಳು. ಕೆಲವರು ಬೆನ್ನು ತಟ್ಟಿದರು, ಕೆಲವರು ಮುಖ ತಿರುಗಿಸಿದರು. ಇಬ್ಬರು ಮಾತ್ರ ಅಲ್ಲೇ ಸೊಂಟದ ಎಲೆ ತೆಗೆದು ಬಿಸಾಕಿದರು. ಉಳಿದವರು ನಾಳೆ ನೋಡೋಣ ಎಂದರು. ನಂಬಿಕೆ ಒಂದು ಮಧ್ಯಾಹ್ನಕ್ಕೆ ಹೋಗುವುದಿಲ್ಲ. ಆದರೆ ಬಿಸಿಲೇರಿ ಎಲೆ ಆರಿದ ಮೇಲೆಯೇ ಹೊಲಕ್ಕೆ ಇಳಿಯುವುದೆಂದು ಹೆಚ್ಚಿನವರು ಒಪ್ಪಿದರು. ತಿಮ್ಮಪ್ಪ ಯಾರಿಗೂ ಹೇಳದೆ ರಾಮನಾಥಪುರಕ್ಕೆ ಹೋಗಿ ರಬ್ಬರ್ ಕೈಗವಸು, ಪ್ಲಾಸ್ಟಿಕ್ ಕೋಟು ತಂದು ಹೆಂಡತಿಯ ಮುಂದೆ ಇಟ್ಟ. ಅವನು ತನ್ನೊಂದಿಗೆ ಮಾತಾಡಲು ಇನ್ನೂ ದಿನ ಹಿಡಿಯುತ್ತದೆಂದು ಬೆಟ್ಟಮ್ಮನಿಗೂ ಗೊತ್ತಿತ್ತು.

ಕೀರ್ತಿರಾಜ್ ಎರಡನೇ ಭಾಗ ತೆಗೆಯಲು ಬಂದಾಗ ಅವಳೇ ಅವನನ್ನು ಕೂರಿಸಿಕೊಂಡಳು. ಕ್ಯಾಮೆರಾ ನನ್ನ ಮುಂದೆ ಇಡು ಎಂದಳು. ಸೋನೆಯಿಂದ ಹಿಡಿದು ಬಾವಿಯವರೆಗೆ ಎಲ್ಲವನ್ನೂ ಹೇಳಿದಳು. ಅವನು ಕೇಳಿ ತಲೆ ಕೆರೆದುಕೊಂಡ.

“ಅಮ್ಮ, ಇದ್ರಲ್ಲಿ ದೆವ್ವನೇ ಇಲ್ವಲ್ಲ. ಯಾರು ನೋಡ್ತಾರೆ?”

“ಹತ್ತೊಂಬತ್ತೊರ್ಷದ ಹುಡ್ಗಿ ಇದಾಳಲ್ಲಪ್ಪ. ಅವಳ್ನ ನೋಡ್ಲಿ. ಇಲ್ಲಾಂದ್ರೆ ನೈಜ ಘಟನೆ ಅಂತ ಹಾಕಿದ್ಯಲ್ಲ, ಅದನ್ನಾರ ಅಳ್ಸು.”

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಲ್ಲೂ ಇಂಥ ಒಂದು ಕತೆ ಇರಬಹುದು. ಯಾರಾದರೂ ಅದನ್ನು ನಡೆದದ್ದು ಎಂದು ಹೇಳಿದರೆ, ಫೋನಿನಲ್ಲಿ ಕಳಿಸಿದರೆ, ಮುಂದಕ್ಕೆ ತಳ್ಳುವ ಮೊದಲು ಐದು ಮಾತು ಕೇಳಿ. ಸತ್ತವರು ಯಾರು, ಅಂದು ಬೆಳಿಗ್ಗೆ ಏನು ಕೆಲಸ ಮಾಡುತ್ತಿದ್ದರು, ಏನು ತಿಂದಿದ್ದರು, ಏನು ಮುಟ್ಟಿದ್ದರು, ಕಣ್ಣಾರೆ ಕಂಡವರು ಯಾರು. ಹೊಗೆಸೊಪ್ಪು ಬೆಳೆಯುವವರಾದರೆ ಒದ್ದೆ ಎಲೆಗೆ ಬರಿಗೈ ಹಾಕಬೇಡಿ. ಮೈ ಮುಚ್ಚುವ ಬಟ್ಟೆ, ನೀರು ಇಳಿಯದ ಕೋಟು, ಕೈಗವಸು ಹಾಕಿಕೊಳ್ಳಿ. ಹೊಲದ ಬದುವಿನಲ್ಲಿ ಒಂದು ಬಕೆಟ್ ನೀರು, ಒಂದು ಸೋಪು ಇರಲಿ. ನೆಂದ ಬಟ್ಟೆಯನ್ನು ಆಗಲೇ ಬದಲಿಸಿ. ಬಸುರಿ, ಬಾಣಂತಿ, ಮಕ್ಕಳನ್ನು ಹಸಿ ಸೊಪ್ಪಿನಿಂದ ದೂರವಿಡಿ. ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇದೆಲ್ಲ ನೆನಪಿಟ್ಟುಕೊಳ್ಳಲು ಆಗದಿದ್ದರೆ ಬೆಟ್ಟಮ್ಮ ಸಂಘದಲ್ಲಿ ಕೊನೆಗೆ ಹೇಳಿದ ಒಂದನ್ನಾದರೂ ನೆನಪಿಡಿ. ನಿಮ್ಮ ಹೊಲದಲ್ಲಿ ಯಾರಾದರೂ ತಲೆ ಸುತ್ತುತ್ತದೆ, ಮನೆಗೆ ಹೋಗುತ್ತೇನೆ ಎಂದರೆ ಇನ್ನೆರಡು ಸಾಲು ಎನ್ನಬೇಡಿ. ಕೆಲಸ ಬಿಟ್ಟು ಎದ್ದು, ಕೈ ಹಿಡಿದುಕೊಂಡು, ಮನೆಯವರೆಗೆ ಬಿಟ್ಟು ಬನ್ನಿ.